ರಟ್ಟಿನ ಮೇಲಿನ ಆಕಾಶ

ಇತಿಹಾಸವನ್ನು ಶಿಲಾಶಾಸನದಲ್ಲಿ ಹುಡುಕುವವರುಂಟು, ತಾಮ್ರಪಟದಲ್ಲಿ ಹುಡುಕುವವರುಂಟು, ಕಚೇರಿಯ ಕಡತಗಳ ಧೂಳು ಕೊಡವಿ ಹುಡುಕುವವರೂ ಉಂಟು. ನಾನು ಹೇಳಹೊರಟಿರುವ ಇತಿಹಾಸವಿರುವುದು ಆಟದ ಸಾಮಾನಿನ ರಟ್ಟಿನ ಡಬ್ಬಗಳ ಮುಚ್ಚಳದ ಮೇಲೆ. ವಾಚಕರು ನಕ್ಕರೆ ನನ್ನದೇನೂ ಅಡ್ಡಿಯಿಲ್ಲ. ಆದರೆ ನಮ್ಮ ಬೆಂಗಳೂರಿನ ಮಟ್ಟಿಗೆ ಆ ಮುಚ್ಚಳಗಳು ಹೇಳಿದ್ದೂ, ಅದಕ್ಕಿಂತ ಹೆಚ್ಚಾಗಿ ಹೇಳದೆ ಬಿಟ್ಟದ್ದೂ, ನಕ್ಕು ಮರೆಯುವಷ್ಟು ಸಣ್ಣ ಸಂಗತಿಯೆಂದು ನನಗೆ ತೋರುವುದಿಲ್ಲ.

ಯುದ್ಧವಿಮಾನ, ಟ್ಯಾಂಕು, ಸಮರನೌಕೆಗಳ ಪುಟ್ಟ ಪ್ರತಿಕೃತಿಗಳನ್ನು ಪ್ಲಾಸ್ಟಿಕ್ಕಿನ ಬಿಡಿಭಾಗಗಳಾಗಿ ಎರಕ ಹೊಯ್ದು ಡಬ್ಬದಲ್ಲಿ ತುಂಬಿ ಮಾರುವ ಉದ್ಯಮವೊಂದು ಕಳೆದ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡು, ಅಮೆರಿಕ, ಜಪಾನುಗಳಲ್ಲಿ ಬೆಳೆಯಿತು. ಕೊಂಡವನು ಭಾಗಗಳನ್ನು ಚೌಕಟ್ಟಿನಿಂದ ಬಿಡಿಸಿ, ಅಂಚು ಹೆರೆದು, ಅಂಟು ಹಚ್ಚಿ ಜೋಡಿಸಿ, ಬಣ್ಣ ಬಳಿದು, ಗುರುತಿನ ಚಿತ್ರಗಳನ್ನು ನೀರಿನಲ್ಲಿ ನೆನೆಸಿ ರೆಕ್ಕೆಗಳ ಮೇಲೆ ಕೂರಿಸಬೇಕು. ಡಬ್ಬದ ಒಳಗಿರುತ್ತಿದ್ದುದು ಮೀನಿನ ಮುಳ್ಳಿನಂಥ ಬೂದುಬಣ್ಣದ ಒಂದಿಷ್ಟು ತುಂಡುಗಳು. ಡಬ್ಬದ ಮೇಲಿರುತ್ತಿದ್ದುದೋ, ಮೋಡಗಳನ್ನು ಸೀಳಿಕೊಂಡು ನಮ್ಮ ಮುಖಕ್ಕೇ ಎರಗಿ ಬರುವ ವಿಮಾನ, ಅದರ ಹಿಂದೆ ಹೊಗೆ, ಕೆಳಗೆ ಎಲ್ಲಿಯೋ ಬಹು ಕೆಳಗೆ ಹಸುರು ಹೊಲ ಅಥವಾ ನೀಲಿ ಕಡಲು. ಒಳಗಿನದಕ್ಕೂ ಹೊರಗಿನದಕ್ಕೂ ಇದ್ದ ದೂರವನ್ನು ತುಂಬುವುದು ಹುಡುಗನ ಪಾಲಿನ ಕೆಲಸ. ಅಂಗಡಿಯವನು ಮಾರುತ್ತಿದ್ದುದು ಆ ದೂರವನ್ನೇ ಎಂದರೂ ತಪ್ಪಲ್ಲ.

ಈ ಉದ್ಯಮದ ದೊಡ್ಡ ಹೆಸರು ಏರ್‌ಫಿಕ್ಸ್. ನಿಕೊಲಸ್ ಕೋವ್ ಎಂಬ ಹಂಗೆರಿ ಮೂಲದ ಉದ್ಯಮಿ 1939ರಲ್ಲಿ ಲಂಡನ್ನಿನಲ್ಲಿ ಇದನ್ನು ಆರಂಭಿಸಿದ. ಮೊದಲು ಮಾಡಿದ್ದು ಗಾಳಿ ತುಂಬುವ ರಬ್ಬರಿನ ಆಟಿಕೆಗಳನ್ನು, ಆಮೇಲೆ ಬಾಚಣಿಗೆಗಳನ್ನು. ವ್ಯಾಪಾರಿಗಳ ಹೆಸರಿನ ಪಟ್ಟಿಯಲ್ಲಿ ತನ್ನದು ಮೊದಲಿಗೆ ಬರಲಿ ಎಂದು 'ಏ' ಅಕ್ಷರದಿಂದ ತೊಡಗುವ ಹೆಸರಿಟ್ಟನೆಂದು ಹೇಳುತ್ತಾರೆ. ನಮ್ಮ ಚಿಕ್ಕಪೇಟೆಯ ವರ್ತಕರಿಗೆ ಈ ಜಾಣತನ ಹೊಸದೇನಲ್ಲ. 1949ರಲ್ಲಿ ಫರ್ಗುಸನ್ ಟ್ರಾಕ್ಟರಿನ ಮಾರಾಟಗಾರರಿಗಾಗಿ ಅದರದೊಂದು ಪುಟ್ಟ ಮಾದರಿಯನ್ನು ಮಾಡಿಕೊಟ್ಟರು. 1952ರಲ್ಲಿ ವುಲ್‌ವರ್ತ್ ಅಂಗಡಿಗಳಿಗೆಂದು ಡ್ರೇಕನ 'ಗೋಲ್ಡನ್ ಹೈಂಡ್' ಹಡಗನ್ನು ಬಿಡಿಭಾಗಗಳಾಗಿ ಚೀಲದಲ್ಲಿ ತುಂಬಿ ಎರಡು ಷಿಲಿಂಗಿಗೆ ಮಾರಿದರು. ಅದು ಬಿಕರಿಯಾದ ಮೇಲೆ ಸ್ಪಿಟ್‌ಫೈರ್ ಬಂತು. ಸ್ಪಿಟ್‌ಫೈರ್ ಬಂದ ಮೇಲೆ ಇಡೀ ಮಹಾಯುದ್ಧವೇ ಒಂದೊಂದಾಗಿ ಡಬ್ಬದೊಳಕ್ಕೆ ಇಳಿಯಿತು.

ಈ ಮಾದರಿಗಳ ಅಳತೆ ಸಾಮಾನ್ಯವಾಗಿ ಎಪ್ಪತ್ತೆರಡರಲ್ಲಿ ಒಂದು. ಎಂದರೆ ಆರಡಿಯ ಮನುಷ್ಯ ಒಂದಂಗುಲವಾಗುತ್ತಾನೆ. ಈ ಅಳತೆಗೂ ಒಂದು ಪೂರ್ವಕಥೆಯಿದೆ. ಯುದ್ಧಕ್ಕೆ ಮುಂಚೆಯೇ, 1936ರಲ್ಲಿ, ಫ್ರಾಗ್ ಎಂಬ ಇಂಗ್ಲಿಷ್ ಕಂಪನಿ 'ಪೆಂಗ್ವಿನ್' ಹೆಸರಿನಲ್ಲಿ ಇದೇ ಅಳತೆಯ ಪ್ಲಾಸ್ಟಿಕ್ ವಿಮಾನಗಳನ್ನು ಮಾರಿತ್ತು. ಯುದ್ಧ ಬಂದಾಗ ಆಕಾಶದಲ್ಲಿ ಕಂಡ ಚುಕ್ಕೆ ಮಿತ್ರನದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಮಾದರಿಗಳು ಬೇಕಾದವು. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಶಾಲಾ ಹುಡುಗರಿಂದ ಐದು ಲಕ್ಷ ಮರದ ಮಾದರಿಗಳನ್ನು ಕೇಳಿತು. ಅವೂ ಇದೇ ಅಳತೆಯವು. ಹೀಗೆ ಆಟ ಒಮ್ಮೆ ಯುದ್ಧಕ್ಕೆ ಹೋಗಿ, ಸೈನಿಕ ತರಬೇತಿ ಪಡೆದು, ಮತ್ತೆ ಆಟವಾಗಿ ಮನೆಗೆ ಮರಳಿತು. ಇದು ಮುಗ್ಧವಾದ ಆಟಿಕೆಯೋ ಅಲ್ಲವೋ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಈ ಐದು ಲಕ್ಷ ನೆನಪಿಗೆ ಬರುತ್ತದೆ.

ಇನ್ನು ನಮ್ಮ ಕಡೆಯ ಮಾತು. ನಾನು ಬೆಳೆದದ್ದು ಬೆಂಗಳೂರಿನ ವಾಯವ್ಯಕ್ಕಿರುವ ಹೆಸರಘಟ್ಟದಲ್ಲಿ. ಊರಿನ ಹೆಸರು ನಗರದವರಿಗೆ ತಿಳಿದದ್ದು ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಕೆರೆಯಿಂದ. ನಲ್ಲಿ ತಿರುಗಿಸಿದರೆ ನೀರು ಬರುವ ಸೌಭಾಗ್ಯವನ್ನು ಬೆಂಗಳೂರಿಗೆ ಮೊದಲು ತಂದುಕೊಟ್ಟದ್ದು ಈ ಕೆರೆ. ತಂದೆಯವರಿಗೆ ಅಲ್ಲಿ ಸರ್ಕಾರಿ ನೌಕರಿ. ಮನೆಯ ಹಿಂದೆ ಹುಲ್ಲುಗಾವಲು. ಹುಲ್ಲುಗಾವಲಿನ ಮೇಲೆ, ತಡೆಯುವುದಕ್ಕೆ ಮರವೂ ಇಲ್ಲದ, ಕಟ್ಟಡವೂ ಇಲ್ಲದ ಆಕಾಶ. ಆ ಆಕಾಶದಲ್ಲಿ ಜಕ್ಕೂರಿನ ವೈಮಾನಿಕ ಶಾಲೆಯ ಪುಷ್ಪಕ ವಿಮಾನಗಳು ತಗಡಿನ ಹಕ್ಕಿಗಳಂತೆ ಪಟಪಟಿಸುತ್ತ ಸುತ್ತು ಹಾಕುತ್ತಿದ್ದವು. 1963ರಲ್ಲಿ ಪೂರ್ವಕ್ಕೆ ಹದಿಮೂರು ಹದಿನಾಲ್ಕು ಕಿಲೋಮೀಟರು ದೂರದ ಯಲಹಂಕದಲ್ಲಿ ವಾಯುಪಡೆಯ ನೆಲೆಯಾದ ಮೇಲೆ ದೊಡ್ಡ ವಿಮಾನಗಳೂ ಕಾಣತೊಡಗಿದವು. ವಿಮಾನದ ಸದ್ದು ಕೇಳಿದರೆ ಅನ್ನದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುವುದು ನನಗೂ ಅಣ್ಣನಿಗೂ ರೂಢಿಯಾಗಿತ್ತು.

1964ರಲ್ಲಿ ನಮ್ಮ ಸೋದರಮಾವ ಇಂಗ್ಲೆಂಡಿನಲ್ಲಿ ಎರಡು ವರ್ಷ ತರಬೇತಿ ಮುಗಿಸಿ ಹಡಗಿನಲ್ಲಿ ಹಿಂದಿರುಗಿದರು. ಅವರ ಟ್ರಂಕಿನಿಂದ ಅಮ್ಮನಿಗೆ ಒಂದು ಉಣ್ಣೆಯ ಶಾಲೂ ನಮಗೆ ಮೂರು ಮಾದರಿಗಳೂ ಹೊರಬಂದವು. ಎರಡು, ಮೇಲೆ ಚಿತ್ರದ ಕಾಗದ ಮಡಿಸಿ ಹೊಲಿದಿದ್ದ ಪ್ಲಾಸ್ಟಿಕ್ ಚೀಲಗಳು: ಸ್ಪಿಟ್‌ಫೈರ್ ಒಂದು, ಜರ್ಮನರ ಫೋಕ-ವುಲ್ಫ್ 190 ಒಂದು. ಮೂರನೆಯದು ದೊಡ್ಡ ಡಬ್ಬ. ಅದರೊಳಗೆ ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರು. ಈ ಮೂರು ಹೆಸರುಗಳನ್ನು ವಾಚಕರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತವೆ.

ಆ ಚಿತ್ರಗಳನ್ನು ನಾವು ನೋಡಿದ ರೀತಿಯನ್ನು ಇಂದಿನವರಿಗೆ ಹೇಳಿ ನಂಬಿಸುವುದು ಕಷ್ಟ. ಮನೆಯಲ್ಲಿ ಬಣ್ಣದ ಚಿತ್ರವೆಂದರೆ ಗೋಡೆಯ ಮೇಲಿನ ದೇವರ ಪಟ, ಕ್ಯಾಲೆಂಡರು, 'ಚಂದಮಾಮ'ದ ಹೊದಿಕೆ, ಇಷ್ಟೇ. ಅಣ್ಣ ಲಿಬರೇಟರಿನ ಡಬ್ಬವನ್ನು ಒಂದು ವಾರ ತೆರೆಯಲೇ ಇಲ್ಲ. ಮಂಚದ ಮೇಲಿಟ್ಟುಕೊಂಡು ಮುಚ್ಚಳ ನೋಡುವುದು, ಮತ್ತೆ ಟ್ರಂಕಿನಲ್ಲಿಡುವುದು. ಕಟ್ಟಿದ ಮೇಲೆ ವಿಮಾನ ಮಾಡಿನಿಂದ ದಾರದಲ್ಲಿ ತೂಗಿತು. ಮುಚ್ಚಳ ಮಾತ್ರ ಅಣ್ಣನ ಪುಸ್ತಕಗಳ ನಡುವೆ ಭದ್ರವಾಯಿತು. ಮಾದರಿ ಮುರಿದುಹೋಗಿ ಎಷ್ಟೋ ವರ್ಷವಾದ ಮೇಲೂ ಮುಚ್ಚಳ ಉಳಿದಿತ್ತು.

ಆ ವರ್ಷದ ನವರಾತ್ರಿಯಲ್ಲಿ ಸ್ಪಿಟ್‌ಫೈರ್ ಗೊಂಬೆಯ ಮೆಟ್ಟಿಲು ಹತ್ತಿತು. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ಚನ್ನಪಟ್ಟಣದ ಸಾಮಾನು, ಅಕ್ಕಿ ಬೇಳೆ ಹರವಿಕೊಂಡು ಕುಳಿತ ಶೆಟ್ಟಿ ಶೆಟ್ಟಮ್ಮ, ನೆಲದಲ್ಲಿ ಮೊಳಕೆ ಬರಿಸಿದ ರಾಗಿ ಪೈರಿನ ಪಾರ್ಕು. ಪಾರ್ಕಿನ ಮೇಲುಗಡೆ ಬ್ರಿಟಿಷ್ ಯುದ್ಧವಿಮಾನ. ಆರತಿಗೆ ಬಂದ ಹಿರಿಯ ಮುತ್ತೈದೆಯೊಬ್ಬರು, "ಇದೇನಮ್ಮ ಇದು, ಪುಷ್ಪಕ ವಿಮಾನವೇ?" ಎಂದು ಕೇಳಿದರು. ಅಮ್ಮ, "ಪುಷ್ಪಕ ಮೇಲೆ ಹಾರ್ತಾ ಇದೆ ಕೇಳಿ, ಇದು ಇಂಗ್ಲೀಷರದು" ಎಂದರು. ಹೊರಗೆ ನಿಜವಾಗಿಯೂ ಜಕ್ಕೂರಿನ ಪುಷ್ಪಕ ಸದ್ದು ಮಾಡುತ್ತಿತ್ತು. ಬೊಂಬೆ ಕೂರಿಸುವ ನಾಡಿನವರಾದ ನಮಗೆ ಪುಟ್ಟ ಪ್ರತಿಕೃತಿಗಳ ಮೋಹ ವಿಲಾಯತಿಯಿಂದ ಬರಬೇಕಾಗಿರಲಿಲ್ಲ, ಮನೆಯಲ್ಲೇ ಇತ್ತು. ಬಂದದ್ದು ಕಥೆ ಮಾತ್ರ. ಮೆಟ್ಟಿಲ ಮೇಲಿನ ಉಳಿದ ಗೊಂಬೆಗಳ ಕಥೆ ನಮಗೆ ಗೊತ್ತಿತ್ತು. ಈ ಒಂದರ ಕಥೆ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು, ನಾಲ್ಕೇ ಸಾಲಿನಲ್ಲಿ, ಬೇರೊಂದು ದೇಶದ್ದು.

ಇದನ್ನು ನಮ್ಮದು ಮಾಡಿಕೊಳ್ಳಬೇಕೆಂದು ಅಣ್ಣ ಹಟ ಹಿಡಿದ. ಭಾರತದ ವಾಯುಪಡೆಯೂ ಸ್ಪಿಟ್‌ಫೈರ್ ಹಾರಿಸಿತ್ತೆಂದು ಎಲ್ಲಿಯೋ ಓದಿದ್ದನಂತೆ, ಅದು ನಿಜವೇ. ಬ್ರಿಟಿಷ್ ಗುರುತನ್ನು ಕೆರೆದು, ಕೇಸರಿ, ಬಿಳಿ, ಹಸುರಿನ ಮೂರು ವರ್ತುಲಗಳನ್ನು ಬರೆಯಲು ಕುಳಿತ. ಎನಾಮಲ್ ಬಣ್ಣ ನಮ್ಮೂರಿನಲ್ಲಿ ಎಲ್ಲಿ ಸಿಗಬೇಕು? ಬಿಳಿಗೆ ಗೋಡೆಯ ಸುಣ್ಣ, ಹಸುರಿಗೆ ಶಾಯಿ, ಕೇಸರಿಗೆ ಗೋಂದಿನಲ್ಲಿ ಕಲಸಿದ ಅರಿಶಿನ, ಅದಕ್ಕೆ ಚಿಟಿಕೆ ಕುಂಕುಮ. ಅರಿಶಿನ ಹಸಿ ಸುಣ್ಣಕ್ಕೆ ತಾಗಿದರೆ ಏನಾಗುತ್ತದೆಂಬುದು ಯಾವ ಅಡಿಗೆಮನೆಗೂ ಗೊತ್ತು. ನಾವು ನೋಡುತ್ತಿದ್ದಂತೆಯೇ ವರ್ತುಲ ರಕ್ತಗೆಂಪಾಯಿತು. "ಓಕುಳಿ ಆಯ್ತಲ್ಲೋ" ಎಂದು ಅಮ್ಮ ನಕ್ಕಳು. ಆ ಸ್ಪಿಟ್‌ಫೈರ್ ಕೊನೆಯವರೆಗೂ ಯಾವ ದೇಶಕ್ಕೂ ಸೇರದ ಗುರುತಿನಲ್ಲೇ ಉಳಿಯಿತು.

ಈಗ ಚಿತ್ರಕಾರರ ವಿಷಯಕ್ಕೆ ಬರೋಣ. ಈ ಡಬ್ಬಗಳ ಚಿತ್ರಕಾರರಲ್ಲಿ ರಾಯ್ ಕ್ರಾಸ್‌ನ ಹೆಸರನ್ನು ಮೊದಲು ಹೇಳುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಅದು ನ್ಯಾಯವೂ ಹೌದು. 1924ರಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡ ಈತ ಯುದ್ಧಕಾಲದಲ್ಲಿ ಫೇರಿ ವಿಮಾನ ಕಾರ್ಖಾನೆಯಲ್ಲಿ ತಾಂತ್ರಿಕ ಚಿತ್ರಗಳನ್ನು ಬರೆಯುತ್ತಿದ್ದವನು. ವಿಮಾನದ ಚರ್ಮ ಸುಲಿದು ಒಳಗಿನ ಎಲುಬು ನರಗಳನ್ನು ತೋರಿಸುವ ನಕ್ಷೆಗಳಲ್ಲಿ ಕೈ ಪಳಗಿತ್ತು. 1964ರಲ್ಲಿ ಏರ್‌ಫಿಕ್ಸಿಗೆ ಬರೆಯಲು ತೊಡಗಿ ಸುಮಾರು ಹತ್ತು ವರ್ಷ ಬರೆದ. ಮೊದಲನೆಯದು ಡಾರ್ನಿಯರ್ 217 ಎಂಬ ಜರ್ಮನ್ ಬಾಂಬರಿನ ಚಿತ್ರ. ಅವನ ಚಿತ್ರಗಳಲ್ಲಿ ರಿವೆಟ್ಟಿನ ಸಾಲು ತಪ್ಪುವುದಿಲ್ಲ. ಆದರೆ ಸಾಲು ತಪ್ಪದಿರುವುದು ಯಾವ ನಕ್ಷೆಗಾರನಿಂದಲೂ ಸಾಧ್ಯ. ಅವನ ಹೆಚ್ಚುಗಾರಿಕೆ ಕ್ಷಣದ ಆಯ್ಕೆಯಲ್ಲಿದೆ. ವಿಮಾನ ನೇರವಾಗಿ ಹಾರುತ್ತಿರುವಾಗ ಅಲ್ಲ, ಒಂದು ರೆಕ್ಕೆ ಕೆಳಗಾಗಿ ತಿರುಗುವ ಕ್ಷಣದಲ್ಲಿ ಅದನ್ನು ಹಿಡಿಯುತ್ತಾನೆ. ಮೂಗು ಚೌಕಟ್ಟಿನಿಂದ ಹೊರಬೀಳುವಂತಿರುತ್ತದೆ, ಬಾಲ ದೂರದಲ್ಲಿ ಸಣ್ಣದಾಗುತ್ತದೆ. ಮುಂದಿನ ಕ್ಷಣ ಏನಾಯಿತು ಎಂದು ಕೇಳದಿರಲು ಹುಡುಗನಿಗೆ ಸಾಧ್ಯವೇ ಇಲ್ಲ.

ಇಂಥ ಕೆಲಸಕ್ಕೆ ಕಲೆಯ ಮರ್ಯಾದೆ ಸಿಗುವುದು ತಡವಾಗಿ. ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಸಿನಿಮಾ ಭಿತ್ತಿಚಿತ್ರಗಳಿಂದಲೂ ಕ್ಯಾಲೆಂಡರುಗಳಿಂದಲೂ ಮನೆಮಾತಾದ ಎಸ್. ಎಂ. ಪಂಡಿತರನ್ನು ನೆನೆಯಿರಿ. ಅವರ ಚಿತ್ರಗಳನ್ನು ಮೊಳೆ ಹೊಡೆದು ಗೋಡೆಗೆ ಹಾಕಿದ ಮನೆಗಳಿಗೆ ಲೆಕ್ಕವಿಲ್ಲ. ಅಷ್ಟು ಮನೆಗಳನ್ನು ಹೊಕ್ಕ ತಪ್ಪಿಗೇ 'ಕ್ಯಾಲೆಂಡರ್ ಕಲೆ' ಎಂಬ ಮಾತು ಬೈಗುಳವಾಯಿತು. ಡಬ್ಬದ ಚಿತ್ರಕಾರನ ಹಣೆಬರಹವೂ ಅದೇ. ಒಂದು ವ್ಯತ್ಯಾಸವಿದೆ: ಪಂಡಿತರ ಕ್ಯಾಲೆಂಡರು ವರ್ಷ ಕಳೆದ ಮೇಲೂ ಗೋಡೆಯ ಮೇಲೆ ಉಳಿಯುತ್ತಿತ್ತು. ಕ್ರಾಸ್‌ನ ಚಿತ್ರ ಕಸದ ಬುಟ್ಟಿಗೆಂದೇ ಅಚ್ಚಾದದ್ದು. ಅದನ್ನು ಉಳಿಸಿದವರು ಹುಡುಗರು.

ಇಲ್ಲಿಯವರೆಗೆ ಹೇಳಿದ್ದು ಪರದೇಶದ ಕಥೆಯಂತೆ ಕಾಣಬಹುದು. ನನಗೂ ಬಹುಕಾಲ ಹಾಗೆಯೇ ಕಂಡಿತ್ತು. ದೊಡ್ಡವನಾಗಿ ಬೆಂಗಳೂರಿನ ವಿಮಾನ ಕಾರ್ಖಾನೆಯ ಇತಿಹಾಸವನ್ನು ಅಲ್ಲಿ ಇಲ್ಲಿ ಓದುತ್ತ ಹೋದಂತೆ ಆ ಮೂರು ಹೆಸರುಗಳು ಒಂದೊಂದಾಗಿ ಮುಂದೆ ಬಂದು ನಿಂತವು.

ಮೊದಲನೆಯದು ಲಿಬರೇಟರ್. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಬೆಂಬಲದೊಂದಿಗೆ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದ್ದು, 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ವಿಮಾನ ಹಾರಿದ್ದು ಹಲವರಿಗೆ ತಿಳಿದಿದೆ. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ ಅವರ 84ನೆಯ ಏರ್ ಡಿಪೋ ಆಯಿತು. ಕ್ಯಾಟಲೀನ ಎಂಬ, ನೀರಿನ ಮೇಲೆ ಇಳಿಯುವ ವಿಮಾನಗಳು ರಿಪೇರಿಗೆಂದು ಬೆಳ್ಳಂದೂರು ಕೆರೆಯಲ್ಲಿ ಬಂದಿಳಿಯುತ್ತಿದ್ದವು. ಈಚೆಗೆ ನೊರೆಗೂ ಬೆಂಕಿಗೂ ಹೆಸರಾದ ಅದೇ ಕೆರೆ. ಯುದ್ಧ ಮುಗಿದಾಗ ಬ್ರಿಟಿಷರು ತಮ್ಮ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದಲ್ಲಿ ಬಿಟ್ಟುಹೋದರು. ಸುಮ್ಮನೆ ಬಿಡಲಿಲ್ಲ, ಮತ್ತಾರೂ ಬಳಸದಂತೆ ಬೇಕೆಂದೇ ಹಾಳುಗೆಡವಿ ಬಿಟ್ಟರು. ಸ್ವತಂತ್ರ ಭಾರತಕ್ಕೆ ಬಾಂಬರುಗಳು ಬೇಕು, ಕೊಳ್ಳಲು ಹಣವಿಲ್ಲ. ಬೆಂಗಳೂರಿನ ಕೆಲಸಗಾರರು ಕಾನ್ಪುರಕ್ಕೆ ಹೋಗಿ, ಆ ಗುಜರಿಯಲ್ಲಿ ಒಂದರ ಅಂಗ ಇನ್ನೊಂದಕ್ಕೆ ಹಾಕಿ, ಒಂದು ಸಲ ಬೆಂಗಳೂರು ಮುಟ್ಟುವಷ್ಟು ಜೀವ ತುಂಬಿದರು. ಕಂಪನಿಯ ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಶಿಯವರು ಅವನ್ನು ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ 1948ರ ಕೊನೆಯಿಂದ ವಾಯುಪಡೆಗೆ ಸೇರತೊಡಗಿದವು; ಎಲ್ಲ ಸೇರಿ ಸುಮಾರು ನಲವತ್ತು. 1968ರವರೆಗೆ ಸೇವೆಯಲ್ಲಿದ್ದವು.

ಮಾದರಿ ಕಟ್ಟುವ ಹುಡುಗರು ಮಾಡುವುದೂ ಇದನ್ನೇ ಅಲ್ಲವೆ? ಹಳೆಯ ಎರಡು ಡಬ್ಬಗಳ ತುಂಡುಗಳನ್ನು ಸೇರಿಸಿ ಒಂದನ್ನು ನಿಲ್ಲಿಸುವುದು. ಬೆಂಗಳೂರಿನವರು ಅದನ್ನು ಎಪ್ಪತ್ತೆರಡು ಪಟ್ಟು ದೊಡ್ಡದಾಗಿ ಮಾಡಿದರು, ಆಮೇಲೆ ಅದರೊಳಗೆ ಮನುಷ್ಯರು ಕುಳಿತು ಹಾರಿದರು. ನಮ್ಮ ಮಾಡಿನಲ್ಲಿ ಅಣ್ಣನ ಲಿಬರೇಟರ್ ತೂಗುತ್ತಿದ್ದ ಹೊತ್ತಿನಲ್ಲಿ ನಿಜವಾದ ಲಿಬರೇಟರುಗಳು ಭಾರತದ ಗುರುತು ಧರಿಸಿ ಹಾರುತ್ತಲೇ ಇದ್ದವು. ಮುಚ್ಚಳದ ಮೇಲೆ ಅದರ ಸುಳಿವಿಲ್ಲ. ಇನ್ನೊಂದು ವಿನೋದವನ್ನು ಕೇಳಿ: ಇಂಗ್ಲೆಂಡು ತನ್ನ ಬಳಿ ಲಿಬರೇಟರ್ ಇಲ್ಲವಲ್ಲ ಎಂದು ಹುಡುಕಿದಾಗ ಸಿಕ್ಕಿದ್ದು ಭಾರತದಲ್ಲಿ. ನಮ್ಮ ವಾಯುಪಡೆ 1974ರಲ್ಲಿ ಕೊಟ್ಟ ಒಂದು ಇಂದಿಗೂ ಅಲ್ಲಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಅವರೇ ಹಾಳುಗೆಡವಿದ್ದು, ನಾವು ಉಳಿಸಿದ್ದು, ಅವರು ನೋಡಿ ಸಂತೋಷಪಡುತ್ತಿರುವುದು.

ಎರಡನೆಯದು ಫೋಕ-ವುಲ್ಫ್ 190. ಅಣ್ಣ ಅದನ್ನು ಶತ್ರುಪಕ್ಷದ್ದೆಂದು ಕಟ್ಟಿದ. ನಮ್ಮ ಆಟದಲ್ಲಿ ಅದು ಪ್ರತಿ ಭಾನುವಾರ ಸೋಲುತ್ತಿತ್ತು. ಆ ವಿಮಾನವನ್ನು ರೂಪಿಸಿದ ಎಂಜಿನಿಯರು ಕುರ್ಟ್ ಟ್ಯಾಂಕ್. ಯುದ್ಧಾನಂತರ ಅರ್ಜೆಂಟೀನಕ್ಕೆ ಹೋಗಿ, ಅಲ್ಲಿ ಪೆರೋನ್ ಸರ್ಕಾರ ಬಿದ್ದ ಮೇಲೆ ನೆಹರೂ ಸರ್ಕಾರದ ಆಹ್ವಾನದಿಂದ 1956ರಲ್ಲಿ ಆತ ಬಂದು ನೆಲಸಿದ್ದು ಬೆಂಗಳೂರಿನಲ್ಲಿ, ಇದ್ದದ್ದು 1967ರವರೆಗೆ. ಹೆಸರಘಟ್ಟದಿಂದ ಗೆರೆ ಎಳೆದರೆ ಮೂವತ್ತು ಕಿಲೋಮೀಟರು. ನಾವು ಅವನ ವಿಮಾನವನ್ನು ಭಾನುವಾರ ಭಾನುವಾರ ಉರುಳಿಸುತ್ತಿದ್ದಾಗ ಅವನು ಅಲ್ಲಿ ಭಾರತದ ಮೊದಲ ಜೆಟ್ ಯುದ್ಧವಿಮಾನ ಎಚ್.ಎಫ್. 24 ಮಾರುತವನ್ನು ತಿದ್ದುತ್ತ ಕುಳಿತಿದ್ದ.

ಮಾರುತಕ್ಕೆ ಮುಂಚೆ ಅಲ್ಲಿ ಆದ ಒಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಆಕಾರ ಸರಿಯಾಗಿದೆಯೆ ಎಂದು ನೋಡಲು ಮೊದಲು ಅದನ್ನು ಮರದಲ್ಲಿ ಮಾಡಿದರು. ಪುಟ್ಟದಾಗಿ ಅಲ್ಲ, ಪೂರ್ಣ ಗಾತ್ರದಲ್ಲಿ. ಎಂಜಿನ್ ಇಲ್ಲದ ಆ ಮರದ ವಿಮಾನವನ್ನು ಡಕೋಟಾ ವಿಮಾನ ಹಗ್ಗ ಕಟ್ಟಿ ಮೇಲಕ್ಕೆಳೆದುಕೊಂಡು ಹೋಗಿ ಬಿಡುತ್ತಿತ್ತು. ಪೈಲಟ್ ಅದನ್ನು ತೇಲಿಸಿ ಇಳಿಸುತ್ತಿದ್ದ. 1959ರ ವಸಂತದಿಂದ ಒಂದು ವರ್ಷದಲ್ಲಿ ಎಪ್ಪತ್ತೆಂಟು ಸಲ ಹೀಗೆ ಹಾರಿತು. ಬಡಗಿಯ ಉಳಿಯಿಂದ ಬಂದ ಜೆಟ್ ವಿಮಾನ ಸದ್ದಿಲ್ಲದೆ ಬೆಂಗಳೂರಿನ ಮೇಲೆ ತೇಲುವುದನ್ನು ರಾಯ್ ಕ್ರಾಸ್ ಬರೆದಿದ್ದರೆ ಹೇಗಿರುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಿಜವಾದ ಮಾರುತವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಒಟ್ಟು 147 ತಯಾರಾದವು. ಎಂಜಿನ್ನಿನ ಶಕ್ತಿ ಸಾಲದೆಂಬುದು ಅದರ ದೊಡ್ಡ ಕೊರತೆ. ಬೇಕಾದ ಎಂಜಿನ್ನು ಕೊನೆಗೂ ದೊರೆಯಲಿಲ್ಲ. ಹಾಗಿದ್ದೂ 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಚೆನ್ನಾಗಿಯೇ ದುಡಿಯಿತು. 1980ರ ದಶಕದ ನಡುವಿನಲ್ಲಿ ನಿವೃತ್ತವಾಯಿತು. ಕುರ್ಟ್ ಟ್ಯಾಂಕ್‌ನ ಜರ್ಮನ್ ವಿಮಾನವನ್ನು ಡಬ್ಬಕ್ಕೆ ಹಾಕದ ಕಂಪನಿ ಪ್ರಪಂಚದಲ್ಲಿಲ್ಲವೆನ್ನಬಹುದು. ಅದೇ ಕೈಯಿಂದ ಬಂದ ಬೆಂಗಳೂರಿನ ವಿಮಾನ ಪ್ರಸಿದ್ಧ ಕಂಪನಿಗಳ ಪಟ್ಟಿಯಲ್ಲಿ ಬರಲೇ ಇಲ್ಲ. ಸಣ್ಣ ತಯಾರಕರು ಅಲ್ಪ ಸಂಖ್ಯೆಯಲ್ಲಿ ಮಾಡಿದ್ದುಂಟು. ಅವು ಮಕ್ಕಳ ಕೈಗೆ ಎಟಕುವಂಥವಲ್ಲ.

ಸ್ಪಿಟ್‌ಫೈರಿನ ಮಾತನ್ನು ಅರಿಶಿನ ಸುಣ್ಣದಲ್ಲೇ ಮುಗಿಸಿದ್ದೇನೆ. ಅದರ ಜಾಗದಲ್ಲಿ ನ್ಯಾಟ್ ವಿಮಾನವನ್ನು ತೆಗೆದುಕೊಳ್ಳುತ್ತೇನೆ. 1965ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹುಡುಗರ ಬಾಯಲ್ಲಿ ಬೇರೆ ಹೆಸರೇ ಇರಲಿಲ್ಲ. ಆ ತಿಂಗಳ 3ರಂದು ನ್ಯಾಟ್ ಹಾರಿಸುತ್ತಿದ್ದ ಸ್ಕ್ವಾಡ್ರನ್ ಲೀಡರ್ ಟ್ರೆವರ್ ಕೀಲರ್ ಅವರಿಗೆ ಪಾಕಿಸ್ತಾನದ ಸೇಬರ್ ಒಂದನ್ನು ಹೊಡೆದ ಕೀರ್ತಿಯನ್ನು ನಮ್ಮ ವಾಯುಪಡೆ ಸಲ್ಲಿಸಿತು. ಅಂದಿನಿಂದ 'ಸೇಬರ್ ಸಂಹಾರಿ' ಎಂಬ ಬಿರುದು ಬಂತು. ನ್ಯಾಟ್ ಹುಟ್ಟಿದ್ದು ಇಂಗ್ಲೆಂಡಿನ ಫಾಲಂಡ್ ಕಂಪನಿಯಲ್ಲಿ. ಆದರೆ ಒಂದೇ ಆಸನದ ಆ ಪುಟ್ಟ ಹೋರಾಟದ ವಿಮಾನವನ್ನು ಬ್ರಿಟಿಷ್ ವಾಯುಪಡೆ ತನಗೆ ಬೇಡವೆಂದಿತು. ಅದನ್ನು ನೆಚ್ಚಿ, ಬೆಂಗಳೂರಿನಲ್ಲಿ ಸುಮಾರು ಇನ್ನೂರನ್ನು ಕಟ್ಟಿ, ಯುದ್ಧದಲ್ಲಿ ಪರೀಕ್ಷಿಸಿದ್ದು ಭಾರತ. ಬ್ರಿಟನ್ ಕೊಂಡದ್ದು ಎರಡು ಆಸನದ ತರಬೇತಿಯ ನ್ಯಾಟನ್ನು. ಆದ್ದರಿಂದ ಏರ್‌ಫಿಕ್ಸ್ ಡಬ್ಬಕ್ಕೆ ಹಾಕಿದ್ದೂ ಅದನ್ನೇ. ಹಿಂದಿನ ಆಸನ ತೆಗೆದು ಮುಚ್ಚಿಬಿಟ್ಟರೆ ಸಾಲದೇ ಎಂದು ತಿಳಿಯದವರು ಕೇಳಬಹುದು. ಸಾಲದು, ತರಬೇತಿಯ ವಿಮಾನದ ಒಡಲು ಉದ್ದ, ರೆಕ್ಕೆ ದೊಡ್ಡದು. ಗರಗಸ ಹಿಡಿದರೂ ಒಂದು ಇನ್ನೊಂದಾಗುವುದಿಲ್ಲ. ಹೀಗಾಗಿ, 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಒಂಟಿಯಾಗಿ ಹೋರಾಡಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನರ ವಿಮಾನವನ್ನು, ವಾಯುಪಡೆಗೆ ಸಂದ ಏಕೈಕ ಪರಮವೀರ ಚಕ್ರದ ವಿಮಾನವನ್ನು, ಅದು ತಯಾರಾದ ಊರಿನ ಹುಡುಗನೊಬ್ಬ ಆ ಡಬ್ಬದಿಂದ ಕಟ್ಟುವಂತಿರಲಿಲ್ಲ.

ಇದನ್ನೆಲ್ಲ ವಿದೇಶೀಯರ ಕುಟಿಲವೆಂದು ನಾನು ಹೇಳುತ್ತಿಲ್ಲ. ಅವರು ತಮ್ಮ ಮಕ್ಕಳಿಗೆ ತಮ್ಮ ಕಥೆ ಹೇಳಿಕೊಂಡರು. ಜಪಾನಿನ ಟಮಿಯ ಕಂಪನಿಯನ್ನೇ ನೋಡಿ. ಯುದ್ಧದಲ್ಲಿ ಸುಟ್ಟ ದೇಶದಲ್ಲಿ 1946ರಲ್ಲಿ ಮರ ಕೊಯ್ಯುವ ಮಿಲ್ಲಾಗಿ ಹುಟ್ಟಿ, ಮರದ ಮಾದರಿಗಳಿಗೆ ಬಂದು, 1960ರಲ್ಲಿ ಮೊದಲು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದದ್ದು ಮುಳುಗಿಹೋದ ತಮ್ಮದೇ ಯುದ್ಧನೌಕೆ ಯಮಾತೊವನ್ನು. ಸೋತದ್ದನ್ನೂ ಡಬ್ಬದಲ್ಲಿಟ್ಟು ಮಕ್ಕಳಿಗೆ ಕೊಟ್ಟರು. ನಮ್ಮಲ್ಲಿ ಅದು ಆಗದಿದ್ದುದಕ್ಕೆ ಕಾರಣಗಳು ಇಲ್ಲದಿಲ್ಲ. ಉಕ್ಕಿನ ಅಚ್ಚು ಕೊರೆಯುವುದು ದುಬಾರಿ. ಸಾವಿರಗಟ್ಟಲೆ ಮಾರಿದರೇ ಅಸಲು ಹುಟ್ಟುವುದು. ಎರಡು ಹೊತ್ತಿನ ಊಟಕ್ಕೆ ಲೆಕ್ಕ ಹಾಕುತ್ತಿದ್ದ ಮಧ್ಯಮ ವರ್ಗ ಆಟಿಕೆಗೆ ಅಷ್ಟು ಹಣ ತೆರುತ್ತಿರಲಿಲ್ಲ. ರಕ್ಷಣಾ ಇಲಾಖೆಗೆ ಸೇರಿದ್ದೆಲ್ಲ ಗುಟ್ಟು ಎಂಬ ಭಾವನೆ ಬೇರೆ. ರಸ್ತೆಯಲ್ಲಿ ನಿಂತು ಕತ್ತೆತ್ತಿದರೆ ಕಾಣುವ ವಿಮಾನದ ನಕ್ಷೆಯನ್ನೂ ಬೀಗ ಹಾಕಿ ಇಟ್ಟೆವು. ಆಟಿಕೆಯ ಆಮದಿಗೂ ಲೈಸೆನ್ಸು. ಆಮದಿನ ಕೊನೆಯ ಕಂತಿನ ಪರಿಮಾಣ ನಿರ್ಬಂಧಗಳು ಹೋಗಲು 2001ರ ಏಪ್ರಿಲ್ ಬರಬೇಕಾಯಿತು. ಅಷ್ಟು ಹೊತ್ತಿಗೆ ನಮ್ಮ ತಲೆಮಾರಿನ ತಲೆ ನರೆತಿತ್ತು.

ಡಬ್ಬದ ಚಿತ್ರಗಳ ಮೇಲೆ ಇನ್ನೊಂದು ಆಕ್ಷೇಪಣೆಯುಂಟು, ಅದು ತೂಕದ್ದು: ಅವು ಯುದ್ಧವನ್ನು ಚೆಲುವಾಗಿಸಿದವು ಎಂಬುದು. 1970ರ ದಶಕದ ಕೊನೆಯಲ್ಲಿ ಏರ್‌ಫಿಕ್ಸಿನವರಿಗೂ ಇದು ತಟ್ಟಿ, ಹಳೆಯ ಚಿತ್ರಗಳಿಂದ ಬಾಂಬು, ಬೆಂಕಿ, ಉರುಳುವ ವಿಮಾನಗಳನ್ನು ಬಣ್ಣ ಬಳಿದು ಅಳಿಸಿದರು. 1981ರಲ್ಲಿ ಕಂಪನಿ ದಿವಾಳಿಯಾಗಿ ಕೈ ಬದಲಾದ ಮೇಲೆ ಕೆಲಕಾಲ ಚಿತ್ರವನ್ನೇ ಬಿಟ್ಟು, ಕಟ್ಟಿದ ಮಾದರಿಯ ಫೋಟೋ ಹಾಕಿದರು. ನನಗಂತೂ ಅಳಿಸಿದ ಚಿತ್ರ ಹೆಚ್ಚು ಸುಳ್ಳೆನ್ನಿಸುತ್ತದೆ. ಬೆಂಕಿಯಿದ್ದ ಚಿತ್ರ ಕೊನೆಗೆ ಇದು ಕೊಲ್ಲುವ ಯಂತ್ರವೆಂದಾದರೂ ಹೇಳುತ್ತಿತ್ತು. ಬೆಂಕಿ ಅಳಿಸಿದ ಮೇಲೆ ಉಳಿದದ್ದು ಶುಭ್ರವಾದ ಆಕಾಶದಲ್ಲಿ ವಿಹಾರಕ್ಕೆ ಹೊರಟ ಬಾಂಬರು. ಆದರೂ ಎರಡರಲ್ಲೂ ಒಂದು ಕಾಣುವುದಿಲ್ಲ: ಒಳಗೆ ಕುಳಿತವನ ಮುಖ. ಮಾದರಿಯಲ್ಲಿಯೂ ಪೈಲಟ್ ಎಂದರೆ ಮುಖವಿಲ್ಲದ ಒಂದಂಗುಲದ ತುಂಡು, ಎಷ್ಟೋ ಸಲ ಅಂಟಿಸಲು ಮರೆತುಹೋಗುವಂಥದು. ಮಾರುತವನ್ನು ಮೊದಲು ಹಾರಿಸಿದ ಸುರಂಜನ್ ದಾಸರು 1970ರ ಜನವರಿ 10ರಂದು ಅದೇ ಮಾರುತದ ಪರೀಕ್ಷಾ ಹಾರಾಟದಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ದಿನಾ ವಾಹನಗಳ ಸಾಲು ನಿಂತಿರುತ್ತದೆ. ಆತ ಯಾರೆಂದು ಆಟೋದವರನ್ನು ಕೇಳಿ ನೋಡಿ. 2019ರ ಫೆಬ್ರವರಿ 19ರಂದು ನಮ್ಮ ಮಗ್ಗುಲಿನ ಯಲಹಂಕದಲ್ಲಿ, ವೈಮಾನಿಕ ಪ್ರದರ್ಶನದ ತಾಲೀಮಿನಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿ ಹೊಡೆದು ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮಡಿದರು. ಮರುದಿನವೇ ಅದೇ ಆಕಾಶದಲ್ಲಿ ಪ್ರದರ್ಶನ ನಡೆಯಿತು, ಚಪ್ಪಾಳೆಯೂ ಬಿತ್ತು.

ಈಗ ಹಳೆಯ ಡಬ್ಬಗಳಿಗೆ ಹೊಸ ಬೆಲೆ ಬಂದಿದೆ. 2006ರಿಂದ ಏರ್‌ಫಿಕ್ಸನ್ನು ನಡೆಸುತ್ತಿರುವ ಹಾರ್ನ್‌ಬಿ ಕಂಪನಿ ಹಳೆಯ ಅಚ್ಚುಗಳನ್ನು ಹಳೆಯ ಚಿತ್ರಗಳೊಂದಿಗೆ, ಬೆಂಕಿಯನ್ನೂ ಮರಳಿ ಹಾಕಿ, ಮುದುಕರಾದ ಹುಡುಗರಿಗೆ ಮಾರುತ್ತಿದೆ. ನೆನಪೂ ಒಂದು ಸರಕು, ಇರಲಿ. ಆದರೆ ಹಳೆಯ ಚಿತ್ರಕ್ಕಾಗಿ ಹಂಬಲಿಸುವ ಇಂಗ್ಲಿಷಿನವನಿಗೂ ನನಗೂ ಒಂದು ವ್ಯತ್ಯಾಸವಿದೆ. ಅವನು ಹಂಬಲಿಸುವುದು ತನ್ನ ಹಿರಿಯರ ಆಕಾಶಕ್ಕಾಗಿ. ನಾನು ಹಂಬಲಿಸುತ್ತಿರುವುದು, ನನ್ನ ತಲೆಯ ಮೇಲೆ ನನ್ನದೇ ಆಕಾಶವಿದ್ದಾಗ, ನಾನು ಕತ್ತು ಬಗ್ಗಿಸಿ ನೋಡುತ್ತಿದ್ದ ಇನ್ನೊಬ್ಬರ ಆಕಾಶಕ್ಕಾಗಿ. ಆ ಹಂಬಲವನ್ನು ಬಿಡುವುದೂ ಆಗದು. ಆ ರಟ್ಟು ನನಗೆ ಕೊಟ್ಟ ಸಂತೋಷ ಸುಳ್ಳಲ್ಲ.

ನಮ್ಮ ವಿಮಾನಗಳನ್ನು ನೋಡಬೇಕೆನ್ನುವವರಿಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಒಂದು ಮಾರುತವಿದೆ, 2001ರಲ್ಲಿ ಎಚ್.ಎ.ಎಲ್. ಸ್ಥಾಪಿಸಿದ ಸಂಗ್ರಹಾಲಯದಲ್ಲಿ ಇನ್ನಷ್ಟಿವೆ. ಮುಟ್ಟಬಹುದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಮನೆಗೆ ತಂದು ಮೆಟ್ಟಿಲ ಮೇಲೆ ಕೂರಿಸುವಂತಿಲ್ಲ.

ಡಬ್ಬದಲ್ಲಿ ಬಂದದ್ದು ಮಾತ್ರ ಒಂದುಂಟು. ನ್ಯಾಟನ್ನು ತಿದ್ದಿ ಎಚ್.ಎ.ಎಲ್. ರೂಪಿಸಿದ ಅಜೀತ್ ಎಂಬ ವಿಮಾನ 1970ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾಗಿ 1991ರವರೆಗೆ ಹಾರಿತು. ಈಚಿನ ವರ್ಷಗಳಲ್ಲಿ ಚೆಕ್ ದೇಶದ ಸ್ಪೆಷಲ್ ಹಾಬಿ ಎಂಬ ಕಂಪನಿ ಅದರ ಮಾದರಿಯನ್ನು ಹೊರತಂದಿದೆ, ಅದೇ ಎಪ್ಪತ್ತೆರಡರಲ್ಲೊಂದು ಅಳತೆ. ಅಣ್ಣನ ಮೊಮ್ಮಗ ಅದನ್ನು ತರಿಸಿಕೊಂಡಿದ್ದಾನೆ. ಮುಚ್ಚಳದ ಮೇಲೆ ಬೆಂಗಳೂರಿನ ಕಾರ್ಖಾನೆಯ ಹೆಸರಿದೆ, ಒಳಗೆ ಕೇಸರಿ ಬಿಳಿ ಹಸುರಿನ ವರ್ತುಲಗಳು ಅಚ್ಚಾಗಿಯೇ ಬಂದಿವೆ. ಅರಿಶಿನ ಸುಣ್ಣದ ಗೊಡವೆಯಿಲ್ಲ. ಹುಡುಗ ಡಬ್ಬ ಬಂದ ದಿನವೇ ತೆರೆದ, ರೆಕ್ಕೆಗಳನ್ನು ಅಂಟಿಸಿದ. ಮುಚ್ಚಳವನ್ನು ಬಿಸಾಡುವುದರಲ್ಲಿದ್ದ, ಅಣ್ಣ ಇಸಿದುಕೊಂಡ.